ಸ್ವಲೀನತೆಯ ಮಕ್ಕಳಿಗೆ ಪ್ರೌಢಶಾಲೆಯ ಆಯ್ಕೆ

ಕರ್ನಾಟಕದಲ್ಲಿ ಪ್ರೌಢಶಾಲೆ ಎಂಟನೆಯ ತರಗತಿಯಿಂದ ಮೊದಲಾಗುತ್ತದೆ. ತೆಲಂಗಾಣದ ಹೈಸ್ಕೂಲುಗಳು ಸಾಮಾನ್ಯವಾಗಿ ಆರನೆಯ ತರಗತಿಯಿಂದಲೇ ಆರಂಭವಾಗುತ್ತವೆ. ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಎರಡು ವರ್ಷಗಳ ಅಂತರ ಮಹತ್ತ್ವದ್ದೆಂದು ತೋರದಿರಬಹುದು. ಆದರೆ ಮನೆಯಲ್ಲಿ ಸ್ವಲೀನತೆ, ಅಂದರೆ ಆಟಿಸಂ, ಇರುವ ಮಗುವಿದ್ದರೆ ಶಾಲೆಯ ಪ್ರಶ್ನೆ ಹನ್ನೊಂದನೆಯ ವಯಸ್ಸಿಗೇ ಎದುರಾಗುತ್ತದೆ.

ಸ್ವಲೀನತೆಯನ್ನು ಪ್ರತ್ಯೇಕ ಸ್ಥಿತಿಯೆಂದು 1943ರಲ್ಲಿ ಅಮೆರಿಕದ ವೈದ್ಯ ಲಿಯೊ ಕ್ಯಾನರ್ ವರ್ಣಿಸಿದರು. ಇದು ಸಾಕಣೆಯ ದೋಷದಿಂದ ಬರುವುದಲ್ಲ. ಮಿದುಳಿನ ಬೆಳವಣಿಗೆಯಲ್ಲಿಯೇ ಇರುವ ಭಿನ್ನತೆಯಿದು. ಇತರರೊಡನೆ ಬೆರೆಯುವುದು ಕಷ್ಟವಾಗುವುದು, ದಿನಚರಿ ಬದಲಾದರೆ ಕಳವಳಗೊಳ್ಳುವುದು, ಸದ್ದು ಬೆಳಕುಗಳನ್ನು ತಾಳಲಾರದಿರುವುದು ಇದರ ಮುಖ್ಯ ಲಕ್ಷಣಗಳು. ಪ್ರಾಥಮಿಕ ಶಾಲೆಯಲ್ಲಿ ಮಗುವನ್ನು ಬಲ್ಲ ಒಬ್ಬ ಉಪಾಧ್ಯಾಯಿನಿ ಇರುತ್ತಾರೆ. ಹೈಸ್ಕೂಲಿನಲ್ಲಾದರೋ ಗಂಟೆ ಬಾರಿಸಿದೊಡನೆ ಉಪಾಧ್ಯಾಯರೂ ವಿಷಯವೂ ಬದಲಾಗುತ್ತವೆ. ಪಾಠ ಅರ್ಥವಾಗುವ ಮಗುವೂ ಈ ಗಂಟೆಗಳ ನಡುವೆ ಸೋತುಹೋಗುವುದುಂಟು.

ಆದುದರಿಂದ ಶಾಲೆಯನ್ನು ನೋಡಲು ಹೋಗುವವರು ಪ್ರಿನ್ಸಿಪಾಲರ ಕೊಠಡಿಯಲ್ಲಿ ಕುಳಿತು ಮರಳಿದರೆ ಪ್ರಯೋಜನವಿಲ್ಲ. ಅನುಮತಿ ಪಡೆದು ಊಟದ ಬಿಡುವಿನ ವೇಳೆಯಲ್ಲಿ ಹೋಗಬೇಕು. ಗದ್ದಲ ಹೆಚ್ಚಾದಾಗ ಮಗು ಹತ್ತು ನಿಮಿಷ ಒಬ್ಬನೇ ಕುಳಿತಿರಲು ಶಾಂತವಾದ ಮೂಲೆಯೊಂದಿದೆಯೇ? ಅವನಿಗೆ ಯಾರಾದರೂ ಕೀಟಲೆ ಮಾಡಿದರೆ ಯಾರಲ್ಲಿ ಹೇಳಬೇಕು? ವೇಳಾಪಟ್ಟಿ ಬದಲಾಗುವುದಿದ್ದರೆ ಹಿಂದಿನ ದಿನವೇ ತಿಳಿಸುವರೇ? ವಿಶೇಷ ಶಿಕ್ಷಕರು ವಾರದಲ್ಲಿ ಎಷ್ಟು ದಿನ ಬರುತ್ತಾರೆ? ಈಜುಕೊಳದ ವಿಷಯ ಶಾಲೆಯ ಕೈಪಿಡಿಯಲ್ಲಿ ಮೊದಲ ಪುಟದಲ್ಲೇ ಇರುತ್ತದೆ. ಇವುಗಳನ್ನು ಮಾತ್ರ ಕೇಳಿಯೇ ತಿಳಿಯಬೇಕು. “ಇಂಥ ಮಕ್ಕಳು ನಮ್ಮಲ್ಲಿ ಇಲ್ಲವೇ ಇಲ್ಲ” ಎಂದು ಹೆಮ್ಮೆಯಿಂದ ಹೇಳುವ ಶಾಲೆಗಿಂತ, ತಮ್ಮ ಕಷ್ಟಗಳನ್ನು ಒಪ್ಪಿಕೊಳ್ಳುವ ಸಣ್ಣ ಶಾಲೆಯೇ ಲೇಸು.

ಹೊರನಾಡ ಕನ್ನಡಿಗರಿಗೆ ಇದಕ್ಕಿಂತಲೂ ಜಟಿಲವಾದುದು ಭಾಷೆಯ ಪ್ರಶ್ನೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಮತ್ತು ದಖನಿ, ಪಾಠ ಇಂಗ್ಲಿಷಿನಲ್ಲಿ, ಜೊತೆಗೆ ಹಿಂದಿ. 2018ರ ಕಾಯಿದೆಯಂತೆ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯ ವಿಷಯ. “ಮಗುವಿಗೆ ಗೊಂದಲವಾಗುತ್ತದೆ, ಮನೆಯಲ್ಲಿಯೂ ಇಂಗ್ಲಿಷನ್ನೇ ಆಡಿರಿ” ಎಂಬ ಸಲಹೆಯನ್ನು ಅನೇಕ ತಂದೆತಾಯಿಯರು ಕೇಳಿರುತ್ತಾರೆ. ಎರಡು ಭಾಷೆಗಳ ನಡುವೆ ಬೆಳೆಯುವುದರಿಂದ ಸ್ವಲೀನತೆಯ ಮಕ್ಕಳ ಮಾತು ಕುಂಠಿತವಾಗುತ್ತದೆಂಬುದನ್ನು ಈಚಿನ ಸಂಶೋಧನೆಗಳು ಸಮರ್ಥಿಸಿಲ್ಲ. ಅಷ್ಟೇ ಅಲ್ಲ, ರಾಯಚೂರಿನಿಂದಲೋ ಧಾರವಾಡದಿಂದಲೋ ಬಂದ ಅಜ್ಜಿಗೆ ಕನ್ನಡವೊಂದೇ ಬರುವುದಾದರೆ, ಆ ಭಾಷೆಯನ್ನು ಬಿಡಿಸಿದಾಗ ಮಾತನಾಡುವವರೇ ಕಡಿಮೆಯಾದ ಮಗುವಿಗೆ ಇನ್ನೊಬ್ಬರು ಕಡಿಮೆಯಾದಂತಾಯಿತು. ಭಾರವನ್ನು ಇಳಿಸಬೇಕಾದದ್ದು ಪರೀಕ್ಷೆಯಲ್ಲಿ, ಮನೆಯ ಮಾತಿನಲ್ಲಲ್ಲ.

ಪರೀಕ್ಷೆಯ ಭಾರವನ್ನು ಇಳಿಸಲು ದಾರಿಗಳಿವೆ. ಸಿ.ಬಿ.ಎಸ್.ಇ. ಹತ್ತನೆಯ ತರಗತಿಯಲ್ಲಿ ವಿಕಲತೆಯುಳ್ಳ ವಿದ್ಯಾರ್ಥಿ ಎರಡು ಭಾಷೆಗಳ ಬದಲು ಒಂದನ್ನು ಆರಿಸಿಕೊಳ್ಳಬಹುದು. ಲಿಪಿಕಾರರ ನೆರವೂ ಹೆಚ್ಚಿನ ಕಾಲಾವಕಾಶವೂ ಉಂಟು. ರಾಜ್ಯದ ತೆಲುಗು ಕಾಯಿದೆಯೊಡನೆ ಈ ರಿಯಾಯಿತಿ ಹೇಗೆ ಹೊಂದುವುದೆಂಬುದಕ್ಕೆ ಶಾಲೆಯಿಂದ ಲಿಖಿತ ಉತ್ತರವನ್ನೇ ಪಡೆಯಬೇಕು. ಬಾಯಿಮಾತಿನ ಭರವಸೆ ಮುಖ್ಯೋಪಾಧ್ಯಾಯರೊಂದಿಗೇ ವರ್ಗವಾಗಿ ಹೋಗುತ್ತದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಐದು ವಿಷಯಗಳನ್ನು ಐದು ವರ್ಷಗಳ ಅವಧಿಯಲ್ಲಿ ಒಂದೊಂದಾಗಿ ಮುಗಿಸಬಹುದು. ಅಲ್ಲಿ ಕನ್ನಡವೂ ಒಂದು ವಿಷಯ. ಈ ನಿರ್ಧಾರ ಏಳು ಎಂಟನೆಯ ತರಗತಿಯಲ್ಲೇ ಆಗಬೇಕು. ಒಂಬತ್ತರಲ್ಲಿ ನಪಾಸಾದ ಮೇಲೆ ಹುಡುಕತೊಡಗಿದರೆ ಮಗುವಿನ ಧೈರ್ಯ ಅಷ್ಟರಲ್ಲಿ ಕುಗ್ಗಿರುತ್ತದೆ.

ಇವೆಲ್ಲಕ್ಕೂ ಪ್ರಮಾಣಪತ್ರ ಅವಶ್ಯ. 1995ರ ವಿಕಲಚೇತನರ ಕಾಯಿದೆಯಲ್ಲಿ ಸ್ವಲೀನತೆಯ ಹೆಸರಿರಲಿಲ್ಲ. 2016ರ ಕಾಯಿದೆಯಲ್ಲಿ ಅದು ಸೇರಿತು. ಸರ್ಕಾರದ ಮಾನ್ಯತೆಯುಳ್ಳ ಶಾಲೆಗಳು ಇಂಥ ಮಕ್ಕಳನ್ನು ಭೇದವೆಣಿಸದೆ ಸೇರಿಸಿಕೊಳ್ಳಬೇಕೆಂದು ಅದು ವಿಧಿಸುತ್ತದೆ. ಶೇಕಡಾ 40 ಅಥವಾ ಅದಕ್ಕೂ ಹೆಚ್ಚಿನ ವಿಕಲತೆ ದೃಢಪಟ್ಟ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿ ಅಥವಾ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿ 1984ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂಸ್ಥೆ ಈ ನಗರದವರ ಭಾಗ್ಯವೆನ್ನಬಹುದು. ವಿಶೇಷ ಶಾಲೆಯೇ ಹಿತವೋ, ಸಾಮಾನ್ಯ ಶಾಲೆಯೋ ಎಂಬ ಸಂದೇಹವಿದ್ದವರು ಅಲ್ಲಿ ಮಗುವಿನ ಪರೀಕ್ಷೆ ಮಾಡಿಸಿ ನಿರ್ಧರಿಸುವುದು ಒಳ್ಳೆಯದು. ಕೇಂದ್ರ ಸರ್ಕಾರದ ನೌಕರರಾಗಿರುವ ತಂದೆತಾಯಿಯರಿಗೆ ಸಾಮಾನ್ಯ ವರ್ಗಾವಣೆಯಿಂದ ವಿನಾಯಿತಿ ಕೇಳಲೂ ಇದೇ ಪ್ರಮಾಣಪತ್ರ ಬೇಕಾಗುತ್ತದೆ.

ಹರೆಯದ ಮಾತನ್ನೂ ಮರೆಯಲಾಗದು. ಸ್ವಲೀನತೆಯುಳ್ಳ ಕೆಲವರಲ್ಲಿ ಈ ವಯಸ್ಸಿನಲ್ಲಿ ಮೂರ್ಛೆರೋಗ ತಲೆದೋರುವುದುಂಟು. ಅಂಥ ಸಮಯದಲ್ಲಿ ಏನು ಮಾಡಬೇಕೆಂಬುದು ಶಾಲೆಯವರಿಗೆ ತಿಳಿದಿರಬೇಕು. ಹುಡುಗಿಯರಿಗೆ ಮುಟ್ಟಿನ ದಿನಗಳಲ್ಲಿ ನೆರವಾಗುವ ಆಯಾ ಇರುವರೇ ಎಂದು ತಾಯಿ ಸಂಕೋಚವಿಲ್ಲದೆ ವಿಚಾರಿಸಬೇಕು.

ಶಾಲೆ ನಿಶ್ಚಯವಾದ ಮೇಲೆ, ರಜೆ ಮುಗಿಯುವ ಮೊದಲೇ ಮಗುವನ್ನು ಎರಡು ಮೂರು ಸಲ ಅಲ್ಲಿಗೆ ಕರೆದೊಯ್ದು ತರಗತಿ, ಶೌಚಾಲಯ, ನೀರಿನ ನಲ್ಲಿ, ಬಸ್ಸು ನಿಲ್ಲುವ ಜಾಗ ಇವುಗಳನ್ನು ತೋರಿಸಬೇಕು. ಅವುಗಳ ಚಿತ್ರಗಳನ್ನು ತೆಗೆದು ಮನೆಯ ಗೋಡೆಗೆ ಅಂಟಿಸಿದರೆ, ಅಜ್ಜಿಯೊಡನೆ ಕನ್ನಡದಲ್ಲಿ ಮಾತನಾಡಲೂ ಒಂದು ವಿಷಯ ದೊರೆಯುತ್ತದೆ.