ಚಳಿಯ ಮುಂಜಾನೆ ಜೀಪು ಸ್ಟಾರ್ಟ್ ಆಗದಿದ್ದರೆ



ಅಡಿಕೆ ಕೊಯ್ಲೂ ಕಾಫಿ ಹಣ್ಣಿನ ಕೊಯ್ಲೂ ಚಳಿಯೊಡನೆಯೇ ಬರುತ್ತವೆ. ವಾಹನದ ಅಗತ್ಯ ಹೆಚ್ಚಾಗಿರುವ ಈ ದಿನಗಳಲ್ಲೇ ಅದು ಮುಂಜಾನೆ ಮುಷ್ಕರ ಹೂಡುವುದುಂಟು. ಮಲೆನಾಡಿನ ಸದಸ್ಯರಿಗೆ ಇದು ಹೊಸದಲ್ಲ. ನಮ್ಮ ಬರಗೂರಿನಂಥ ಬಯಲುಸೀಮೆಯಲ್ಲೂ ಇದು ತಪ್ಪಿದ್ದಲ್ಲ.

ಕೆಲವು ವರ್ಷಗಳ ಹಿಂದೆ, ಜನವರಿಯ ಒಂದು ಬೆಳಗಿನ ಜಾವ, ನೆರೆಮನೆಯವರು ಬಂದು ಬಾಗಿಲು ಬಡಿದರು. ಸೊಸೆಗೆ ಹೆರಿಗೆ ನೋವು; ಶಿರಾಕ್ಕೆ ಕರೆದೊಯ್ಯಬೇಕು. ಕೀಲಿ ತಿರುಗಿಸಿದರೆ ನನ್ನ ಡೀಸೆಲ್ ಜೀಪು ‘ಟಕ್’ ಎಂದು ಸುಮ್ಮನಾಯಿತು. ಆರು ಜನ ಸೇರಿ ಇಳಿಜಾರಿನವರೆಗೆ ತಳ್ಳಿದ ಮೇಲೆ ಎಂಜಿನ್ ಎದ್ದಿತು. ದೇವರ ದಯೆಯಿಂದ ತಾಯಿ ಮಗು ಕ್ಷೇಮ. ಆದರೆ ಆ ಅರ್ಧ ಗಂಟೆಯನ್ನು ನಾನು ಮರೆತಿಲ್ಲ.

ಮರುದಿನ ಹೊಸ ಬ್ಯಾಟರಿ ಕೊಳ್ಳಲು ಹೊರಟಾಗ ಮೆಕ್ಯಾನಿಕ್ ತಡೆದ. “ಬ್ಯಾಟ್ರಿ ಚೆನ್ನಾಗೈತೆ ಸ್ವಾಮಿ, ಟರ್ಮಿನಲ್ ನೋಡಿ” ಎಂದ. ಅಲ್ಲಿ ಬೂಷ್ಟಿನಂತೆ ಬಿಳಿ-ಹಸಿರು ಪುಡಿ ಕಟ್ಟಿತ್ತು. ಆಯುಧಪೂಜೆಯಂದು ಬಾನೆಟ್ಟಿಗೆ ಕುಂಕುಮ ಹಚ್ಚಿದ್ದ ನಾನು, ಅದನ್ನು ಎತ್ತಿ ನೋಡಿರಲಿಲ್ಲ!

ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ. ಎಂಜಿನ್ ಆಯಿಲ್ ಗಟ್ಟಿಯಾಗುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಇಲ್ಲ. ಒತ್ತಿದ ಗಾಳಿಯ ಕಾವಿನಿಂದಲೇ ಅದು ಹೊತ್ತಿಕೊಳ್ಳಬೇಕು. ಆದರೂ ನಮ್ಮಲ್ಲಿಯ ಚಳಿ ಒಳ್ಳೆಯ ವಾಹನವನ್ನು ನಿಲ್ಲಿಸುವಷ್ಟು ಕಠಿಣವಲ್ಲ. ಬ್ಯಾಟರಿಯ ಆಯುಷ್ಯ ತಿನ್ನುವುದು ಬೇಸಿಗೆಯ ಬಿಸಿಲು. ಚಳಿ ಅದನ್ನು ಬಯಲಿಗೆಳೆಯುತ್ತದೆ, ಅಷ್ಟೇ.

ಆದುದರಿಂದ ಗಾಬರಿಯಾಗದೆ, ಮೊದಲು ಶಬ್ದವನ್ನು ಗಮನಿಸಿರಿ.

ಬರೀ ‘ಟಕ್’ ಎಂದರೆ ಹೆಡ್‌ಲೈಟ್ ಹಾಕಿ ಮತ್ತೊಮ್ಮೆ ಕೀಲಿ ತಿರುಗಿಸಿ. ದೀಪ ಮಂಕಾದರೆ ದೋಷ ಬ್ಯಾಟರಿಯಲ್ಲಿ ಇಲ್ಲವೇ ಟರ್ಮಿನಲ್ಲಿನಲ್ಲಿ. ದೀಪ ಕುಂದದಿದ್ದರೆ ಸ್ಟಾರ್ಟರ್ ಮೋಟಾರು, ಅದರ ವೈರುಗಳನ್ನು ಪರೀಕ್ಷಿಸಿರಿ.

ಎಂಜಿನ್ ನಿಧಾನವಾಗಿ ನರಳುತ್ತಾ ತಿರುಗಿದರೆ ಬ್ಯಾಟರಿಯ ಬಲ ಕುಂದಿದೆ, ಅಥವಾ ಆಯಿಲ್ ತೀರಾ ಮಂದವಾಗಿದೆ. ರಾತ್ರಿಯಿಡೀ ನಿಂತ, ಪೂರ್ಣ ಚಾರ್ಜಾದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12.2ಕ್ಕೆ ಇಳಿದಿದ್ದರೆ ಚಾರ್ಜು ಅರ್ಧದಷ್ಟೇ.

ಜೋರಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಹೊಗೆ ನೋಡಿರಿ. ಬಿಳಿ ಹೊಗೆ ಬಂದರೆ ಡೀಸೆಲ್ ತಲುಪುತ್ತಿದೆ, ಕಾವು ಸಾಲದು. ಹೀಟರ್ ಪ್ಲಗ್ ಪರೀಕ್ಷಿಸಿರಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಿಲ್ಲ. ಪೈಪಿನಲ್ಲಿ ಗಾಳಿ ಸೇರಿರಬಹುದು, ಫಿಲ್ಟರ್ ಕಟ್ಟಿರಬಹುದು. ಹೀಟರ್ ದೀಪ ಆರುವವರೆಗೆ ಕಾಯುವುದನ್ನು ಅವಸರದಲ್ಲಿ ಮರೆಯಬಾರದು. ಸ್ಟಾರ್ಟರನ್ನು ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಒತ್ತದೆ, ನಡುವೆ ಒಂದು ನಿಮಿಷ ಬಿಡುವು ಕೊಡಿ.

ಟರ್ಮಿನಲ್ ಶುಚಿಗೆ ಬಿಸಿನೀರು, ಚಿಟಿಕೆ ಅಡುಗೆ ಸೋಡಾ, ಹಳೆಯ ಬ್ರಷ್ ಸಾಕು. ಮೈನಸ್ ತಂತಿಯನ್ನು ಮೊದಲು ಬಿಚ್ಚಿ, ಕೊನೆಗೆ ಜೋಡಿಸಿ. ಸೋಡಾ ನೀರು ಬ್ಯಾಟರಿಯೊಳಗೆ ಇಳಿಯಬಾರದು. ಒಣಗಿದ ಮೇಲೆ ವ್ಯಾಸಲೀನ್ ಸವರಿ.

ಇನ್ನು ಮಾಡಲೇಬಾರದ ಕೆಲಸಗಳು. ಡೀಸೆಲ್ ಟ್ಯಾಂಕಿನ ಕೆಳಗೆ ಬೆಂಕಿ ಹಾಕಿ ಕಾಯಿಸುವುದು ಜೀವಕ್ಕೇ ಅಪಾಯ. ಬ್ಯಾಟರಿಯಿಂದ ಹೊರಡುವ ಜಲಜನಕ ಅನಿಲ ಕಿಡಿ ತಾಗಿದರೆ ಸಿಡಿಯುತ್ತದೆ. ಅದರ ಬಳಿ ಬೀಡಿ ಸಲ್ಲದು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಆ ಹೊಗೆ ವಿಷ.

ತಳ್ಳಿ ಸ್ಟಾರ್ಟ್ ಮಾಡುವ ಉಪಾಯ ಹಳೆಯ ಜೀಪುಗಳಿಗೆ ನಡೆದೀತು. ಆಟೊಮ್ಯಾಟಿಕ್ ಗೇರಿನ ವಾಹನಗಳಿಗೆ ನಡೆಯದು. ಅದನ್ನೇ ನಂಬಿ ಕುಳಿತುಕೊಳ್ಳುವಂತಿಲ್ಲ. ಈ ಭಾನುವಾರವೇ ಹತ್ತು ನಿಮಿಷ ಬಿಡುವು ಮಾಡಿಕೊಂಡು ಬಾನೆಟ್ ಎತ್ತಿ ನೋಡಿರೆಂದು ಸದಸ್ಯರಲ್ಲಿ ನನ್ನ ವಿನಂತಿ. ಅಡಿಕೆ ಮೂಟೆ ಒಂದು ದಿನ ಕಾದೀತು. ಹೆರಿಗೆ ನೋವು ಕಾಯುವುದಿಲ್ಲ.

— ಕಾರ್ಯದರ್ಶಿ