ಒಂದು ಹುಳು, ನಾಲ್ಕು ವೈರಸ್

ರಾಮನಗರ ತಾಲ್ಲೂಕಿನ ಕೈಲಾಂಚದ ಕಡೆ ‘ಹುಳು ಜ್ವರಕ್ಕೆ ಕೂತಿವೆ’ ಎಂದರೆ ಯಾರೂ ಗಾಬರಿಯಾಗುವುದಿಲ್ಲ. ರೇಷ್ಮೆಹುಳು ಪೊರೆ ಕಳಚುವ ಮುನ್ನ ಸೊಪ್ಪು ಬಿಟ್ಟು, ತಲೆಯೆತ್ತಿ ಸುಮ್ಮನಿರುವುದಕ್ಕೆ ಬೆಳೆಗಾರರು ಇಟ್ಟ ಹೆಸರದು. ನಾಲ್ಕು ಜ್ವರ ದಾಟಿದ ಹುಳು ಹಣ್ಣಾಗಿ ಗೂಡು ಕಟ್ಟುತ್ತದೆ. ಗಾಬರಿ ಹುಟ್ಟಿಸುವ ಹೆಸರುಗಳೇ ಬೇರೆ: ಹಾಲುತೊಂಡೆ, ಸಪ್ಪೆ ರೋಗ.

ಈ ಎರಡು ಹೆಸರುಗಳ ಹಿಂದೆ ಒಂದಕ್ಕೊಂದು ನಂಟಿಲ್ಲದ ನಾಲ್ಕು ವೈರಸ್‌ಗಳಿವೆ. ಹಾಲುತೊಂಡೆ ತರುವುದು ಒಂದು ಡಿಎನ್‌ಎ ವೈರಸ್. ರಕ್ತ ಹಾಲಿನಂತಾಗುತ್ತದೆ, ಮೈ ಊದಿ ಹೊಳೆಯುತ್ತದೆ. ಹುಳು ತಟ್ಟೆಯ ಅಂಚಿನಲ್ಲಿ ಅಲೆದಾಡಿ, ಚರ್ಮ ಒಡೆದು ಸಾಯುತ್ತದೆ. ಎರಡನೆಯದು ಆರ್‌ಎನ್‌ಎ ವೈರಸ್. ಕರುಳನ್ನು ಹಿಡಿದು ಬಿಳಿಚಿಸುತ್ತದೆ, ಹಿಕ್ಕೆಯೂ ಬೆಳ್ಳಗಾಗುತ್ತದೆ. ಉಳಿದೆರಡರಲ್ಲಿ ಒಂದು ಆರ್‌ಎನ್‌ಎ, ಇನ್ನೊಂದು ಡಿಎನ್‌ಎ. ಅವು ಕರುಳು ಕೆಡಿಸಿ ಬ್ಯಾಕ್ಟೀರಿಯಾಗಳಿಗೆ ದಾರಿ ಮಾಡಿಕೊಡುತ್ತವೆ. ಹುಳು ಮೆತ್ತಗಾಗುತ್ತದೆ. ಬರಿಗಣ್ಣಿಗೆ ಇವೆಲ್ಲ ಸಪ್ಪೆ ರೋಗವೇ.

1865ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ರೇಷ್ಮೆಹುಳುವಿನ ರೋಗಗಳ ಅಧ್ಯಯನಕ್ಕೆ ಕುಳಿತಾಗಲೂ ಇದೇ ಗೋಜಲು. ಗಂಟುರೋಗ ಬೇರೆ, ಸಪ್ಪೆ ರೋಗ ಬೇರೆ ಎಂದು ಸ್ಪಷ್ಟವಾಗಲು ಅವರಂಥವರಿಗೇ ಬಹಳ ಸಮಯ ಹಿಡಿಯಿತು. ವೈರಸ್‌ನ ಪರಿಚಯವಂತೂ ಆಗ ಯಾರಿಗೂ ಇರಲಿಲ್ಲ.

ವೈರಸ್ ಶಾಲೆಯ ಸೂಕ್ಷ್ಮದರ್ಶಕಕ್ಕೆ ಕಾಣದು. ಆದರೆ ಹಾಲುತೊಂಡೆಯ ವೈರಸ್ ತನ್ನ ಸುತ್ತ ಪ್ರೋಟೀನಿನ ಹರಳು ಕಟ್ಟಿಕೊಳ್ಳುತ್ತದೆ. ರೋಗ ಬಂದ ಹುಳುವಿನ ಒಂದು ಹನಿ ರಕ್ತವನ್ನು ಗಾಜಿನ ಮೇಲಿಟ್ಟು ನೋಡಿ: ಮೂಲೆಮೂಲೆಯ ಮಣಿಗಳಂತೆ ಆ ಹರಳುಗಳು ತುಂಬಿರುತ್ತವೆ. ಹುಳುಮನೆಯ ಧೂಳಿನಲ್ಲಿ ವೈರಸ್ ಬಹುಕಾಲ ಉಳಿಯುವುದು ಈ ಹರಳಿನೊಳಗೇ. ಸೊಪ್ಪಿನೊಂದಿಗೆ ಹೊಟ್ಟೆ ಸೇರಿದಾಗ ಕರುಳಿನ ಕ್ಷಾರರಸದಲ್ಲಿ ಹರಳು ಕರಗಿ, ವೈರಸ್ ಹೊರಬೀಳುತ್ತದೆ. (ಮನುಷ್ಯರಿಗೆ ಇದು ತಗಲುವುದಿಲ್ಲ; ತಾಯಂದಿರು ಹೆದರಬೇಕಿಲ್ಲ.)

ಹುಳು ತಿನ್ನುವ ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚು ಪಾಲು ನಾಲ್ಕನೇ ಜ್ವರದ ನಂತರದ್ದು. ರೋಗ ಹೆಚ್ಚಾಗಿ ಎದ್ದು ಕಾಣುವುದೂ ಆಗಲೇ. ಸೊಪ್ಪು, ಕೂಲಿ ಎರಡಕ್ಕೂ ಖರ್ಚು ಮಾಡಿದ ಮೇಲೆ ಬೆಳೆ ಹೋದರೆ ರಾಮನಗರದ ಗೂಡಿನ ಮಾರುಕಟ್ಟೆಗೆ ಒಯ್ಯಲು ಏನು ಉಳಿಯುತ್ತದೆ? ಎಷ್ಟೋ ಮನೆಗಳಲ್ಲಿ ಮಕ್ಕಳ ಶಾಲೆಯ ಫೀಜಿನ ದುಡ್ಡೂ ಅದೇ.

ಸೋಂಕು ಹತ್ತಿದ ಹುಳುವನ್ನು ಗುಣಪಡಿಸುವ ಔಷಧವಿಲ್ಲ. ಆದರೆ ನಾಲ್ಕೂ ವೈರಸ್‌ಗಳ ಮುಖ್ಯ ದಾರಿ ಬಾಯಿಯೇ. ಆದ್ದರಿಂದ ರೋಗದ ಹೆಸರು ಯಾವುದಾದರೂ ಮಾಡುವ ಕೆಲಸ ಒಂದೇ: ಬೆಳೆ ಮುಗಿದೊಡನೆ ಬ್ಲೀಚಿಂಗ್ ಪುಡಿಯ ನೀರಿನಿಂದ ಮನೆ, ತಟ್ಟೆ ತೊಳೆಯುವುದು, ರೋಗದ ಹುಳುಗಳನ್ನು ಆರಿಸಿ ಸುಣ್ಣದ ಪುಡಿ ಹಾಕಿ ಹೂಳುವುದು, ಕೈಕಾಲು ತೊಳೆದೇ ಒಳಹೋಗುವುದು. ಶಾಲೆಯಿಂದ ಬಂದ ಮಕ್ಕಳು ನೇರ ಹುಳುಮನೆಗೆ ನುಗ್ಗಿದರೆ ಅಜ್ಜಿ ಗದರುವುದು ಇದಕ್ಕೇ.