ಮನೆಗೊಂದು ವೆಲ್ಡಿಂಗ್ ಮಷೀನು: ಕೊಳ್ಳುವ ಮುನ್ನ



ಬಿತ್ತನೆಯ ದಿನಗಳಲ್ಲಿ ಕುಂಟೆಯ ತಾಳು ಮುರಿಯಿತೆನ್ನಿ. ಅದನ್ನು ಹೊತ್ತು ಅಕ್ಕಲಕೋಟೆಗೆ ಹೋಗಿ, ಪಾಳಿ ಕಾದು, ಬೆಸೆಸಿಕೊಂಡು ಬರುವಷ್ಟರಲ್ಲಿ ಹೊಲದ ಹದ ಆರಿರುತ್ತದೆ. ಅದಕ್ಕೇ ಮನೆಯಲ್ಲೇ ಒಂದು ವೆಲ್ಡಿಂಗ್ ಮಷೀನು ಇರಲಿ ಎಂದು ಈಗ ಅನೇಕರು ಯೋಚಿಸುತ್ತಾರೆ. ನಾವೂ ಹಾಗೆಯೇ ಸೋಲಾಪುರದಿಂದ ಒಂದನ್ನು ತಂದೆವು. ಮೇಲೆ ದೊಡ್ಡದಾಗಿ 250 ಎಂದು ಬರೆದಿತ್ತು. ಊರಲ್ಲಿ ಪಂಪುಗಳು ಶುರುವಾದೊಡನೆ ವೋಲ್ಟೇಜು ಇಳಿಯಿತು, ಕಡ್ಡಿ ಕಬ್ಬಿಣಕ್ಕೆ ಅಂಟಿಕೊಂಡಿತು. ಹೇಗೋ ಬೆಸೆದ ತಾಳು ಎರಡನೇ ಸುತ್ತಿಗೇ ಕಳಚಿತು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಆಮೇಲಾದರೂ ಲೆಕ್ಕ ಹಾಕಿದೆ. ಅದನ್ನೇ ಹೇಳುತ್ತೇನೆ.

ಮೊದಲ ಲೆಕ್ಕ ಕರೆಂಟಿನದು. ಎರಡೂವರೆ ಮಿಲಿಮೀಟರ್ ಕಡ್ಡಿಗೆ 70ರಿಂದ 90 ಆಂಪಿಯರ್ ಸಾಕು. ಆಗ ಮನೆಯ 230 ವೋಲ್ಟಿನ ಲೈನಿನಿಂದ ಸುಮಾರು 15 ಆಂಪಿಯರ್ ಎಳೆಯುತ್ತದೆ. ಮಷೀನನ್ನು 150ಕ್ಕೆ ಏರಿಸಿದರೆ ಲೈನಿನ ಮೇಲೆ 25 ದಾಟುತ್ತದೆ. 16 ಆಂಪಿಯರಿನ ಸಾಕೆಟ್ಟು ತಾಳದು. ಆದ್ದರಿಂದ ಎಷ್ಟು ಕಡಿಮೆ ವೋಲ್ಟೇಜಿನಲ್ಲಿ ನಡೆಯುತ್ತದೆ ಎಂದು ಮೊದಲು ಕೇಳಿ. ಅರ್ಥಿಂಗ್ ಸರಿಯಾಗಿರಲಿ.

ಎರಡನೆಯದು ಡ್ಯೂಟಿ ಸೈಕಲ್. 60 ಪ್ರತಿಶತ ಎಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಕೆಲಸ, ನಾಲ್ಕು ನಿಮಿಷ ವಿಶ್ರಾಂತಿ. ಇದನ್ನು ಸಾಮಾನ್ಯವಾಗಿ 40 ಡಿಗ್ರಿ ಸೆಲ್ಸಿಯಸ್ ಬಿಸಿಲಿಗೆ ಹೇಳಿರುತ್ತಾರೆ. ನಮ್ಮ ಸೋಲಾಪುರದ ಮೇ ತಿಂಗಳ ಬಿಸಿಲು ಅದನ್ನೂ ಮೀರುತ್ತದೆ. ಎತ್ತಿಗೆ ಕೊಡುವ ವಿಶ್ರಾಂತಿಯನ್ನು ಮಷೀನಿಗೂ ಕೊಡಬೇಕು.

ಮೂರನೆಯದು, ಒಂದರಲ್ಲೇ ಮೂರು ವಿಧಾನ ಎಂಬ ಮಾತು. ಕಡ್ಡಿಯ ವಿಧಾನಕ್ಕೆ ಗ್ಯಾಸು ಬೇಡ, ಗಾಳಿಯಲ್ಲೂ ನಡೆಯುತ್ತದೆ. ದಪ್ಪ ಕಬ್ಬಿಣಕ್ಕೆ ಅದೇ ಸರಿ. ಮಿಗ್ ವಿಧಾನದಲ್ಲಿ ತಂತಿ ತಾನೇ ಬರುತ್ತದೆ, ತೆಳು ತಗಡಿಗೆ ಒಳ್ಳೆಯದು. ಆದರೆ ಸಿಲಿಂಡರು ಬೇಕು, ಅದರ ಗ್ಯಾಸು ಬಯಲಿನ ಗಾಳಿಗೆ ಹಾರಿಹೋಗುತ್ತದೆ. ಒಳಗೆ ಫ್ಲಕ್ಸ್ ತುಂಬಿದ, ಗ್ಯಾಸು ಬೇಡದ ತಂತಿಯೂ ಸಿಗುತ್ತದೆ. ಅದಕ್ಕೆ ಪ್ಲಸ್ಸು ಮೈನಸ್ಸು ಅದಲುಬದಲು ಮಾಡುವ ಸೌಕರ್ಯ ಮಷೀನಿನಲ್ಲಿ ಇದೆಯೇ ನೋಡಿ. ಟಿಗ್ ವಿಧಾನಕ್ಕೆ ಆರ್ಗಾನ್ ಗ್ಯಾಸು ಮತ್ತು ಪಳಗಿದ ಕೈ ಬೇಕು. ಅಗ್ಗದ ಮಷೀನುಗಳ ಟಿಗ್ ಹೆಚ್ಚಾಗಿ ಡಿ.ಸಿ. ಮಾತ್ರ, ಅದರಿಂದ ಸ್ಟೀಲು ಬೆಸೆಯಬಹುದು, ಅಲ್ಯೂಮಿನಿಯಂಗೆ ಎ.ಸಿ. ಬೇಕು.

ಹೊಲ ಮತ್ತು ಗೇಟಿನ ಕೆಲಸವಷ್ಟೇ ಇದ್ದರೆ ಒಳ್ಳೆಯ ಕಡ್ಡಿ ಮಷೀನು ಸಾಕು. ತಗಡಿನ ಕೆಲಸ ಪದೇ ಪದೇ ಬಂದರೆ ಮಾತ್ರ ಮಿಗ್ ಸೇರಿದ್ದನ್ನು ಕೊಳ್ಳಿ. ಬಳಸದ ಸೌಕರ್ಯಕ್ಕೆ ಕೊಟ್ಟ ದುಡ್ಡು ಬಡ್ಡಿ ಬಾರದ ಠೇವಣಿ. ಅಂಗಡಿಯಲ್ಲೇ ಚಾಲೂ ಮಾಡಿಸಿ ನೋಡಿ. ರಿಪೇರಿ ಸೋಲಾಪುರದಲ್ಲೇ ಆಗುತ್ತದೆಯೇ ಎಂದು ವಿಚಾರಿಸಿ, ಪಾವತಿ ಪಡೆಯಿರಿ.

ಉಳಿದ ದುಡ್ಡಿನಲ್ಲಿ 10 ಅಥವಾ 11ನೇ ನಂಬರಿನ ಗಾಜಿನ ಮುಖಕವಚ, ಚರ್ಮದ ಕೈಗವಸು ತನ್ನಿ. ಮಕ್ಕಳನ್ನು ದೂರವಿಡಿ, ಆ ಬೆಳಕು ನೋಡಿದ ಕಣ್ಣು ರಾತ್ರಿ ಮರಳು ಬಿದ್ದಂತೆ ಉರಿಯುತ್ತದೆ. ಜಿಂಕ್ ಲೇಪದ ತಗಡಿನ ಹೊಗೆ ಜ್ವರ ತರುತ್ತದೆ. ಕಣಿಕೆಯ ಬಣವಿಯ ಹತ್ತಿರ ಕಿಡಿ ಹಾರಿಸಬೇಡಿ.

ಕಡೆಯ ಮಾತು. ಕಬ್ಬಿನ ಟ್ರಾಲಿಯ ಕೊಂಡಿಯನ್ನು ಮಾತ್ರ ಮನೆಯಲ್ಲಿ ಬೆಸೆಯಬೇಡಿ, ಅನುಭವಿ ಮಿಸ್ತ್ರಿಗೇ ಕೊಡಿ. ಕುಂಟೆ ಕಳಚಿದರೆ ಅರ್ಧ ದಿನ ಹೋದೀತು. ಕೊಂಡಿ ಕಳಚಿದರೆ ಹಿಂದೆ ಬರುತ್ತಿರುವ ಮನುಷ್ಯನ ಜೀವವೇ ಹೋದೀತು.